ವಿ.ಟಿ.ಯಿಂದ ಮಾಟುಂಗದವರೆಗೆ: ಮುಂಬೈಯ ಒಂದು ರೈಲು ಇತಿಹಾಸ ನಡಿಗೆಯ ವಿಮರ್ಶೆ

ವಿ.ಟಿ. (ವಿಕ್ಟೋರಿಯಾ ಟರ್ಮಿನಸ್) ಎಂದು ಹಿಂದೆ ಕರೆಯುತ್ತಿದ್ದ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ನ ಎದುರು ಬೆಳಿಗ್ಗೆ ಆರಂಭವಾಗಿ, ಬೈಕಲಾದಲ್ಲಿ ಇಳಿದು, ಮಾಟುಂಗದಲ್ಲಿ ಮಧ್ಯಾಹ್ನದ ಊಟದೊಂದಿಗೆ ಮುಗಿಯುವ ಅರ್ಧ ದಿನದ ಇತಿಹಾಸ ನಡಿಗೆಯೊಂದನ್ನು ಮುಂಬೈಯ ಒಂದು ಚಿಕ್ಕ ಖಾಸಗಿ ತಂಡ ನಡೆಸುತ್ತಿದೆ. ಗುಂಪಾಗಿ ಬರುವವರು ಮುಂಚಿತವಾಗಿ ತಿಳಿಸಿದರೆ ಕನ್ನಡ ಬಲ್ಲ ಮಾರ್ಗದರ್ಶಿಯನ್ನು ಕಳುಹಿಸುತ್ತಾರೆ ಎಂಬ ಕಾರಣಕ್ಕೇ ನಮ್ಮ ಬಳಗದವರು ಇದನ್ನು ಆರಿಸಿಕೊಂಡರು. ರೈಲು ಬಂದ ಮೇಲೆ ಸಾಮಾನ್ಯ ಜನರ ದಿನಚರಿ ಹೇಗೆ ಬದಲಾಯಿತು ಎಂಬುದನ್ನು ತೋರಿಸುತ್ತೇವೆ ಎಂದು ತಂಡದವರ ಪ್ರಕಟಣೆ ಹೇಳುತ್ತದೆ. ಈ ಮಾತಿಗೆ ನಿಷ್ಠವಾಗಿರುವ ಕಡೆಗಳಲ್ಲೆಲ್ಲ ಈ ನಡಿಗೆ, ನಗರದಲ್ಲಿ ನಾನು ಕಂಡ ಇಂತಹ ಕಾರ್ಯಕ್ರಮಗಳಲ್ಲಿ ಅತ್ಯುತ್ತಮವಾದದ್ದು. ಅದನ್ನು ಮರೆತ ಕಡೆ ಮಾತ್ರ ಕಟ್ಟಡಗಳ ವರ್ಣನೆಯಾಗಿ ಸೊರಗುತ್ತದೆ. ಇಂತಹ ನಡಿಗೆಗಳನ್ನು ನಡೆಸುವವರು ಈಗ ಹಲವರಿದ್ದು, ಒಂದು ಹೆಸರಿಗಿಂತ ನಡಿಗೆಯಲ್ಲಿ ಏನಿರಬೇಕು ಎಂಬುದು ಓದುಗರಿಗೆ ಹೆಚ್ಚು ಉಪಯುಕ್ತವಾದ್ದರಿಂದ ತಂಡದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ಮೊದಲ ಮುಕ್ಕಾಲು ಗಂಟೆ ಟರ್ಮಿನಸ್‌ನ ಕಟ್ಟಡಕ್ಕೆ ಮೀಸಲು. ಎಫ್. ಡಬ್ಲ್ಯು. ಸ್ಟೀವನ್ಸ್ ರೂಪಿಸಿದ ಈ ಕಟ್ಟಡದ ಕೆಲಸ 1878ರಲ್ಲಿ ಆರಂಭವಾಗಿ 1888ರಲ್ಲಿ ಮುಗಿಯಿತು, ಅಂದಿನ ಸುಮಾರು 16 ಲಕ್ಷ ರೂಪಾಯಿ ಖರ್ಚಾಯಿತು, 2004ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಗುಮ್ಮಟದ ಮೇಲೆ ನಿಂತಿರುವ ಪ್ರಗತಿ ದೇವತೆಯ ವಿಗ್ರಹ, ಬಾಗಿಲ ಕಂಬಗಳ ಮೇಲಿನ ಸಿಂಹ ಮತ್ತು ಹುಲಿ, ಗೋಡೆಯ ಮೇಲೆ ಕೆತ್ತಿದ ಪ್ರಾಣಿಪಕ್ಷಿಗಳು, ಇವೆಲ್ಲವನ್ನೂ ಮಾರ್ಗದರ್ಶಿ ತಾಳ್ಮೆಯಿಂದ ತೋರಿಸಿದರು. ಕಟ್ಟಡ ಅದ್ಭುತವಾದುದೇ. ಆದರೆ ಈ ಮಾಹಿತಿ ಯಾವ ಕೈಪಿಡಿಯಲ್ಲಾದರೂ ಸಿಗುತ್ತದೆ, ಮತ್ತು ಬಿಸಿಲೇರುವ ಮೊದಲಿನ ಅಮೂಲ್ಯ ಸಮಯವನ್ನು ಇದಕ್ಕೆ ಕೊಡುವುದು ಸರಿಯಲ್ಲ ಎಂದು ನನ್ನ ಅಭಿಪ್ರಾಯ. ಮುಂಭಾಗದಲ್ಲಿ ಕೆತ್ತಿರುವ ಮುಖಗಳಲ್ಲಿ ವರ್ತಕರಾದ ಜಗನ್ನಾಥ ಶಂಕರಶೇಠ್ ಮತ್ತು ಜಮ್ಶೇಟ್‌ಜೀ ಜೀಜೀಭಾಯ್ ಅವರ ಮುಖಗಳೂ ಇವೆ ಎಂಬ ಒಂದು ಅಂಶ ಮಾತ್ರ ಹೆಚ್ಚಿನ ವಿವರಣೆಗೆ ಯೋಗ್ಯವಾಗಿತ್ತು. 1840ರ ದಶಕದಿಂದಲೇ ಮುಂಬೈಗೆ ರೈಲು ಬೇಕೆಂದು ಒತ್ತಾಯಿಸಿದವರಲ್ಲಿ ಈ ನಗರದ ವರ್ತಕರೂ ಇದ್ದರು. ಅವರಿಗೆ ಬೇಕಾಗಿದ್ದದ್ದು ಘಟ್ಟದ ಮೇಲಿನ ಹತ್ತಿ. ಲಂಡನ್ನಿನ ಹೂಡಿಕೆದಾರರಿಗಾದರೋ ಭಾರತದ ಕಂದಾಯದಿಂದಲೇ ಶೇಕಡಾ 5ರ ಲಾಭದ ಖಾತರಿ ದೊರೆತಿತ್ತು. ಇಷ್ಟನ್ನು ಆ ಮುಖಗಳ ಕೆಳಗೆ ನಿಂತು ಹೇಳಿದ್ದರೆ ಸಾಕಾಗುತ್ತಿತ್ತು.

ನಡಿಗೆ ನಿಜವಾಗಿ ಆರಂಭವಾಗುವುದು ನಿಲ್ದಾಣದ ಗಡಿಯಾರದ ಕೆಳಗೆ. 1853ರ ಏಪ್ರಿಲ್ 16ರ ಮಧ್ಯಾಹ್ನ 3 ಗಂಟೆ 35 ನಿಮಿಷಕ್ಕೆ ಈಗಿನ ಟರ್ಮಿನಸ್‌ನ ಬಳಿಯಿದ್ದ ಬೋರಿಬಂದರು ನಿಲ್ದಾಣದಿಂದ 14 ಗಾಡಿಗಳಲ್ಲಿ ಸುಮಾರು 400 ಅತಿಥಿಗಳನ್ನು ಹೊತ್ತು ಮೊದಲ ರೈಲು 34 ಕಿಲೋಮೀಟರ್ ದೂರದ ಠಾಣೆಗೆ ಹೊರಟಿತು ಎಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ನಮ್ಮ ಮಾರ್ಗದರ್ಶಿ ಇಲ್ಲಿ ಕೇಳಿದ ಪ್ರಶ್ನೆ ಬೇರೆಯೇ: ಮಧ್ಯಾಹ್ನ 3 ಗಂಟೆ 35 ನಿಮಿಷ ಎಂದರೆ ಯಾರ ಗಡಿಯಾರದ ಪ್ರಕಾರ? ಆ ಕಾಲದಲ್ಲಿ ಪ್ರತಿ ಊರಿಗೂ ತನ್ನ ನೆತ್ತಿಯ ಮೇಲಿನ ಸೂರ್ಯನೇ ಪ್ರಮಾಣ. ಮುಂಬೈಯ ಸಮಯ ಗ್ರೀನಿಚ್‌ಗಿಂತ 4 ಗಂಟೆ 51 ನಿಮಿಷ ಮುಂದಿದ್ದರೆ ಮದ್ರಾಸಿನದು 5 ಗಂಟೆ 21 ನಿಮಿಷ ಮುಂದಿತ್ತು. ಎತ್ತಿನ ಗಾಡಿಯಲ್ಲಿ ಹೋಗುವವನಿಗೆ ಈ ಅರ್ಧ ಗಂಟೆಯ ಅಂತರದಿಂದ ಯಾವ ತೊಂದರೆಯೂ ಇರಲಿಲ್ಲ. ಒಂದೇ ಹಳಿಯ ಮೇಲೆ ಎದುರುಬದುರಾಗಿ ಗಾಡಿಗಳನ್ನು ಓಡಿಸುವವರಿಗೆ ಅದು ಪ್ರಾಣದ ಪ್ರಶ್ನೆ. ಹೀಗಾಗಿ ರೈಲ್ವೆಗಳು ದೇಶದ ಬಹುಭಾಗದಲ್ಲಿ ಮದ್ರಾಸ್ ಸಮಯವನ್ನು ಅನುಸರಿಸತೊಡಗಿದವು, ಊರು ಮಾತ್ರ ತನ್ನ ಸಮಯವನ್ನೇ ಹಿಡಿದುಕೊಂಡಿತು. ರೈಲು ಹಿಡಿಯಬೇಕಾದ ಮುಂಬೈಯ ಮನುಷ್ಯ ಮನೆಯ ಗಡಿಯಾರಕ್ಕೆ ಅರ್ಧ ಗಂಟೆಯನ್ನು ಕೂಡಿಸಿಕೊಂಡು ಹೊರಡಬೇಕಾಯಿತು.

ಮುಂದಿನ ಕಥೆ ಇನ್ನೂ ಸ್ವಾರಸ್ಯಕರವಾದದ್ದು. 1881ರಲ್ಲಿ ಮುಂಬೈಯ ಗವರ್ನರ್ ಜೇಮ್ಸ್ ಫರ್ಗುಸನ್ ಅವರು ಸರಕಾರಿ ಕಚೇರಿಗಳೆಲ್ಲ ಮದ್ರಾಸ್ ಸಮಯವನ್ನು ಪಾಲಿಸಬೇಕೆಂದು ಆಜ್ಞೆ ಹೊರಡಿಸಿದಾಗ ವರ್ತಕರು, ಪತ್ರಿಕೆಗಳು, ವಿಶ್ವವಿದ್ಯಾಲಯದವರು ಒಟ್ಟಾಗಿ ವಿರೋಧಿಸಿದರು; ವಿಶ್ವವಿದ್ಯಾಲಯದ ರಾಜಾಬಾಯಿ ಗೋಪುರದ ಗಡಿಯಾರ ಯಾವ ಸಮಯವನ್ನು ತೋರಿಸಬೇಕೆಂಬುದು ಸಾರ್ವಜನಿಕ ವಿವಾದವಾಯಿತು, 1883ರಲ್ಲಿ ಸರಕಾರ ಹಿಂದೆ ಸರಿಯಿತು. 1906ರಲ್ಲಿ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದಿರುವ ಈಗಿನ ಸಮಯ ದೇಶಕ್ಕೆಲ್ಲ ಜಾರಿಗೆ ಬಂದಾಗ ಗಿರಣಿಯ ಕೆಲಸಗಾರರೇ ಬೀದಿಗಿಳಿದರು. ಹೊಸ ಗಡಿಯಾರ ಹಳೆಯದಕ್ಕಿಂತ 39 ನಿಮಿಷ ಮುಂದಿತ್ತು. ಬೆಳಗಿನ ಪಾಳಿಗೆ ಹೋಗುವವನಿಗೆ ಅದರ ಅರ್ಥ ಅಷ್ಟು ಹೊತ್ತಿನ ನಿದ್ರೆಯ ನಷ್ಟ, ಕತ್ತಲಲ್ಲೇ ಮನೆ ಬಿಡುವ ಕಷ್ಟ. ಮುಂಬೈ ಸಮಯ ಸ್ವಾತಂತ್ರ್ಯ ಬಂದ ನಂತರವೂ ಕೆಲವು ಕಾಲ ಉಳಿದುಕೊಂಡಿತ್ತು. ಮಾರ್ಗದರ್ಶಿ ಇದನ್ನು ವಿವರಿಸುತ್ತಿದ್ದಾಗ ಎದುರಿನ ಲೋಕಲ್ ಪ್ಲಾಟ್‌ಫಾರ್ಮ್‌ಗಳ ಫಲಕಗಳ ಮೇಲೆ 8.47, 8.52 ಎಂದು ಸಮಯಗಳು ಬದಲಾಗುತ್ತಿದ್ದವು. ನಮ್ಮ ಗುಂಪಿನಲ್ಲಿದ್ದವರೆಲ್ಲ ಜೀವಮಾನವಿಡೀ ಗಾಡಿಯನ್ನು ಊರ ಹೆಸರಿನಿಂದಲ್ಲದೆ ನಿಮಿಷದಿಂದ ಗುರುತಿಸಿದವರು. ಆ ಅಭ್ಯಾಸಕ್ಕೆ ಇಷ್ಟು ಹಳೆಯ ಜಗಳದ ಇತಿಹಾಸವಿದೆ ಎಂದು ಅಲ್ಲಿ ಬಹುಮಂದಿಗೆ ಮೊದಲ ಬಾರಿ ತಿಳಿಯಿತು. ಈ ಇಪ್ಪತ್ತು ನಿಮಿಷಗಳಿಗಾಗಿಯೇ ನಡಿಗೆಯ ಶುಲ್ಕವನ್ನು ಕೊಡಬಹುದು.

ಅಷ್ಟೇ ಚೆನ್ನಾಗಿ ನಿರೂಪಿತವಾದದ್ದು ಮೂರನೆಯ ದರ್ಜೆಯ ಪ್ರಸಂಗ. ಕಂಪನಿಗಳು ಮೊದಲು ನಂಬಿಕೊಂಡದ್ದು ಸರಕು ಸಾಗಣೆಯನ್ನು. ಜಾತಿಯ ಕಟ್ಟುಪಾಡುಗಳುಳ್ಳ, ಬಡವರಾದ ಜನ ರೈಲು ಹತ್ತುವರೇ ಎಂದು ಅನುಮಾನಪಟ್ಟವರೂ ಇದ್ದರು. ಜನರಾದರೋ ನುಗ್ಗಿ ಬಂದರು. ಪ್ರಯಾಣಿಕರಲ್ಲಿ ಶೇಕಡಾ 90ಕ್ಕಿಂತ ಹೆಚ್ಚಿನವರು ಕೆಳ ದರ್ಜೆಯವರೇ ಆದರು, ಪ್ರಯಾಣಿಕರಿಂದ ಬರುವ ಆದಾಯದ ದೊಡ್ಡ ಪಾಲು ಅವರಿಂದಲೇ ಬಂತು. ಪ್ರತಿಯಾಗಿ ಅವರಿಗೆ ಸಿಕ್ಕಿದ್ದು ಕಿಕ್ಕಿರಿದ, ಬಹುಕಾಲದವರೆಗೆ ಶೌಚಾಲಯವೂ ಇಲ್ಲದ ಗಾಡಿಗಳು. 1870ರ ದಶಕದಲ್ಲಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಆಸನಗಳೇ ಇಲ್ಲದ ನಾಲ್ಕನೆಯ ದರ್ಜೆಯನ್ನೂ ಓಡಿಸಿತು. ಒಂದೇ ಹಲಗೆಯ ಮೇಲೆ ಭುಜಕ್ಕೆ ಭುಜ ತಾಗಿಸಿ ಕುಳಿತವರ ನಡುವೆ ಮೈಲಿಗೆಯ ನಿಯಮ ಪ್ರಯಾಣದ ಹೊತ್ತಿಗಾದರೂ ಸಡಿಲಗೊಂಡಿತು, ಆದರೆ ನಿಲ್ದಾಣದಲ್ಲಿ ಇಳಿದ ಕೂಡಲೇ ಹಿಂದೂ ನೀರು, ಮುಸ್ಲಿಂ ನೀರು ಎಂಬ ಬೇರೆ ಬೇರೆ ಪಾತ್ರೆಗಳು ಕಾದಿರುತ್ತಿದ್ದವು. ರೈಲು ಜಾತಿಯನ್ನು ಅಳಿಸಿಹಾಕಿತೆಂದು ಸರಳವಾಗಿ ಹೇಳುವವರೂ ಇದ್ದಾರೆ, ಏನನ್ನೂ ಬದಲಿಸಲಿಲ್ಲ ಎನ್ನುವವರೂ ಇದ್ದಾರೆ. ಈ ಎರಡೂ ಸುಲಭದ ಮಾತುಗಳಿಂದ ದೂರ ನಿಂತು ವಿವರಿಸಿದ ಮಾರ್ಗದರ್ಶಿಯ ವಿವೇಕವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಪಂಢರಪುರದ ಉದಾಹರಣೆಯನ್ನು ಅವರು ಕೊಟ್ಟದ್ದೂ ಸಮಯೋಚಿತವಾಗಿತ್ತು. ಬಾರ್ಶಿ ಲೈಟ್ ರೈಲ್ವೆಯ ಕಿರುಹಳಿ 1906ರಲ್ಲಿ ಪಂಢರಪುರವನ್ನು ತಲುಪಿದ ಮೇಲೆ, ದಿಂಡಿಯೊಡನೆ, ಅಂದರೆ ಪಾದಯಾತ್ರೆಯ ತಂಡದೊಡನೆ, ವಾರಗಟ್ಟಲೆ ನಡೆಯಲಾರದ ಮುದುಕರೂ ಹೆಂಗಸರೂ ವಿಠ್ಠಲನನ್ನು ಕಾಣುವುದು ಸಾಧ್ಯವಾಯಿತು.

ಇನ್ನು ಕೊರತೆಯ ಮಾತು. ಮುಂಬೈ-ಪುಣೆ ಹಾದಿಯ ಭೋರ್ ಘಟ್ಟವನ್ನು ಈ ನಡಿಗೆ ಒಂದೇ ವಾಕ್ಯದಲ್ಲಿ ದಾಟಿಬಿಡುತ್ತದೆ, ಅದೂ ಮುಖ್ಯ ಎಂಜಿನಿಯರ್ ಜೇಮ್ಸ್ ಬರ್ಕ್ಲಿಯವರ ಜಾಣ್ಮೆಯನ್ನು ಹೊಗಳಲು. 1856ರಿಂದ 1863ರವರೆಗೆ ನಡೆದ ಆ ಕೆಲಸದಲ್ಲಿ 25 ಸುರಂಗಗಳನ್ನು ಕೊರೆಯಲಾಯಿತು. ಒಂದು ಹಂತದಲ್ಲಿ 42,000 ಜನ ಕೂಲಿಗಳು ಅಲ್ಲಿ ದುಡಿಯುತ್ತಿದ್ದರು. ಕಾಲರಾ ಮತ್ತಿತರ ರೋಗಗಳಿಂದ, ಸಿಡಿಮದ್ದಿನಿಂದ, ಬಂಡೆ ಉರುಳಿ ಸತ್ತವರ ಸಂಖ್ಯೆ ಸಾವಿರಾರು. ಕೂಲಿ ಸರಿಯಾಗಿ ಸಿಗದೆ 1859ರಲ್ಲಿ ಅವರು ದಂಗೆಯೆದ್ದರು, ಮೊದಲ ಗುತ್ತಿಗೆದಾರ ಕೆಲಸವನ್ನು ಬಿಟ್ಟ, ಅವನ ಜಾಗಕ್ಕೆ ಬಂದ ಸಾಲೊಮನ್ ಟ್ರೆಡ್ವೆಲ್ ಕೆಲವೇ ದಿನಗಳಲ್ಲಿ ತೀರಿಕೊಂಡ, ಗುತ್ತಿಗೆಯನ್ನು ಅವನ ಹೆಂಡತಿ ಆಲಿಸ್ ಟ್ರೆಡ್ವೆಲ್ ಮುಂದುವರಿಸಿದಳು. ಇಂದು ಪುಣೆಗೆ ಹೋಗುವಾಗ ಕಿಟಕಿಯಾಚೆಯ ಜಲಪಾತಗಳನ್ನು ನೋಡುವ ನಮಗೆ ಈ ಸಂಗತಿಗಳನ್ನು ತಿಳಿಸುವುದು ದಿನಚರಿಯ ಇತಿಹಾಸ ಹೇಳುತ್ತೇವೆನ್ನುವವರ ಕರ್ತವ್ಯ. ಘಟ್ಟದ ಹಳಿ ಇಲ್ಲದಿದ್ದರೆ ದಖ್ಖನ್ನಿನ ಹತ್ತಿಯೂ ಇಲ್ಲ, ಜನರೂ ಇಲ್ಲ, ಮುಂಬೈಯ ಗಿರಣಿಗಳು ಆ ಪ್ರಮಾಣದಲ್ಲಿ ಬೆಳೆಯುತ್ತಲೂ ಇರಲಿಲ್ಲ.

ಕನ್ನಡಿಗರ ಗುಂಪಿಗೆಂದು ಏರ್ಪಡಿಸಿದ ನಡಿಗೆಯಲ್ಲಿ ಕನ್ನಡ ನಾಡಿನತ್ತ ಸಾಗಿದ ಹಳಿಗಳ ಪ್ರಸ್ತಾಪ ಬರಲೇಬೇಕಿತ್ತು ಎಂದು ನಾನು ತಂಡದವರಿಗೆ ಪತ್ರವನ್ನೂ ಬರೆದಿದ್ದೇನೆ. 1860ರಲ್ಲಿ ಸೊಲ್ಲಾಪುರವನ್ನು ತಲುಪಿದ ಮಾರ್ಗ ಕಲಬುರಗಿಯನ್ನು ಹಾದು 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ರೈಲ್ವೆಯನ್ನು ಕೂಡಿಕೊಂಡಿತು; 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಮೀಟರ್ ಗೇಜ್ ಹಳಿಗಳು ಹುಬ್ಬಳ್ಳಿ, ಗದಗ, ವಿಜಯಪುರಗಳನ್ನು ಮುಟ್ಟಿದವು; ಅದೇ ದಶಕದ ಕೊನೆಗೆ ಲೋಂಡಾದಿಂದ ದೂಧಸಾಗರದ ಪಕ್ಕದಲ್ಲಿ ಇಳಿದು ಪೋರ್ಚುಗೀಸರ ಗೋವೆಯ ಮುರ್ಮುಗೋವಾ ಬಂದರಿಗೆ ಗಾಡಿ ಓಡಿತು. ಇದರ ಪರಿಣಾಮವನ್ನು ಕುಮಟಾದಲ್ಲಿ ಕಾಣಬೇಕು. ಧಾರವಾಡ ಸೀಮೆಯ ಹತ್ತಿ ಅದಕ್ಕೆ ಮುಂಚೆ ಘಟ್ಟವಿಳಿದು ಕುಮಟಾ ಬಂದರಿನಿಂದ ಹಡಗೇರಿ ಮುಂಬೈಗೆ ಬರುತ್ತಿತ್ತು, ಮುಂಬೈಯ ಪೇಟೆಯಲ್ಲಿ ಆ ಹತ್ತಿಗೆ ಕುಮಟಾ ಎಂದೇ ಹೆಸರಿತ್ತು. ಹಳಿ ಬಂದ ಮೇಲೆ ಹತ್ತಿಯ ಹೆಸರು ಉಳಿಯಿತು, ಬಂದರಿನ ವ್ಯಾಪಾರ ಬಾಡಿತು. ಎತ್ತುಗಳ ಹಿಂಡಿನ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಕರಾವಳಿಗೂ ಬಯಲುಸೀಮೆಗೂ ನಡುವೆ ಓಡಾಡುತ್ತಿದ್ದ ಲಂಬಾಣಿಗಳ ವೃತ್ತಿ ಗಾಡಿರಸ್ತೆ ಮತ್ತು ರೈಲಿನೆದುರು ನಿಲ್ಲಲಿಲ್ಲ. ಅವರ ತಾಂಡಾಗಳ ಮೊಮ್ಮಕ್ಕಳು ಈಗ ಅದೇ ರೈಲುಗಳಲ್ಲಿ ಪುಣೆಗೆ, ಗೋವೆಗೆ ಕಟ್ಟಡದ ಕೆಲಸಕ್ಕೆ ಬರುತ್ತಿದ್ದಾರೆ, ಮತ್ತು ಇದನ್ನು ಬಲ್ಲವರು ನಮ್ಮ ಗುಂಪಿನಲ್ಲಿಯೇ ಇದ್ದರು.

ಬರಗಾಲದ ವಿಷಯವೂ ಇದಕ್ಕೆ ಸೇರಿದ್ದೇ. ನಮ್ಮ ಹಿರಿಯರು ಧಾತು ಈಶ್ವರ ಬರ ಎಂದು ನೆನೆಸಿಕೊಳ್ಳುತ್ತಿದ್ದ 1876-78ರ ಕ್ಷಾಮದಲ್ಲಿ ಹಳಿ ಇದ್ದ ಕಡೆ ಧಾನ್ಯ ಬೇಗ ಬಂತು ನಿಜ; ಬೆಲೆ ಹೆಚ್ಚಿದ್ದ ಕಡೆಗೆ ಧಾನ್ಯ ಹೊರಟುಹೋಗುವುದಕ್ಕೂ ಅದೇ ಹಳಿ ದಾರಿಯಾಯಿತು. ಹಣವಿಲ್ಲದವನ ಮನೆಗೆ ಯಾವ ರೈಲೂ ಅಕ್ಕಿಯನ್ನು ತಲುಪಿಸಲಿಲ್ಲ.

ಟರ್ಮಿನಸ್‌ನಿಂದ ಬೈಕಲಾಕ್ಕೆ ಗುಂಪನ್ನು ಎರಡನೆಯ ದರ್ಜೆಯ ಲೋಕಲ್‌ನಲ್ಲೇ ಕರೆದೊಯ್ಯುತ್ತಾರೆ, ಇದು ಸರಿಯಾದ ನಿರ್ಧಾರ. ಮೊದಲ ರೈಲಿನ ಕಾಲದಿಂದ ಇರುವ ಬೈಕಲಾ ನಿಲ್ದಾಣವನ್ನು ಇತ್ತೀಚೆಗೆ ಬಹಳ ಶ್ರದ್ಧೆಯಿಂದ ಮೂಲರೂಪಕ್ಕೆ ತಂದಿದ್ದಾರೆ, 2022ರಲ್ಲಿ ಆ ಕೆಲಸಕ್ಕೆ ಯುನೆಸ್ಕೊದ ಏಷ್ಯಾ-ಪೆಸಿಫಿಕ್ ಪರಂಪರೆ ಪ್ರಶಸ್ತಿಯೂ ಬಂದಿದೆ. ಮೇಲ್ಸೇತುವೆಯ ಮೇಲೆ ನಿಂತು ಮಾರ್ಗದರ್ಶಿ 1896ರ ಪ್ಲೇಗಿನ ಬಗ್ಗೆ ಹೇಳಿದರು. ರೋಗ ಕಾಣಿಸಿದ ಕೂಡಲೇ ಜನ ಸಿಕ್ಕಿದ ರೈಲನ್ನು ಹತ್ತಿ ಊರುಗಳತ್ತ ಓಡಿದರು, ನಿಲ್ದಾಣಗಳಲ್ಲಿ ಹೆಂಗಸರು ಗಂಡಸರೆನ್ನದೆ ಮೈ ಮುಟ್ಟಿ ತಪಾಸಣೆ ನಡೆಯಿತು, ಆದರೂ ಹಳಿಯ ಗುಂಟ ಪ್ಲೇಗು ಪುಣೆಗೆ, ಹುಬ್ಬಳ್ಳಿಗೆ, 1898ರಲ್ಲಿ ಬೆಂಗಳೂರಿಗೆ ತಲುಪಿತು. ಬೆಂಗಳೂರಿನ ಪ್ಲೇಗ್ ಮಾರಿಯಮ್ಮನ ಗುಡಿಗಳಿಗೂ ಈ ನಿಲ್ದಾಣಗಳಿಗೂ ಹೀಗೊಂದು ನಂಟಿದೆ ಎಂಬುದನ್ನು ಕೇಳುತ್ತಿದ್ದಂತೆ ಎಲ್ಲರೂ ಮೌನವಾದರು. ಪ್ಲೇಗಿನ ಪರಿಣಾಮವಾಗಿಯೇ 1898ರಲ್ಲಿ ನಗರ ಸುಧಾರಣಾ ಟ್ರಸ್ಟ್ ಹುಟ್ಟಿ, ದಾದರ್ ಮತ್ತು ಮಾಟುಂಗದ ಬಡಾವಣೆಗಳನ್ನು ರೂಪಿಸಿತು. ದುಡಿಯುವ ಜಾಗದ ಪಕ್ಕದ ಚಾಳಿನಲ್ಲೇ ಬದುಕಬೇಕೆಂಬ ಅನಿವಾರ್ಯತೆ ಗುಮಾಸ್ತರ ಮಟ್ಟಿಗೆ ಹೀಗೆ ಕಡಿಮೆಯಾಯಿತು. 1925ರ ಫೆಬ್ರವರಿ 3ರಂದು ವಿ.ಟಿ.ಯಿಂದ ಕುರ್ಲಾಕ್ಕೆ ಮೊದಲ ವಿದ್ಯುತ್ ರೈಲು ಓಡಿದ ಮೇಲೆ ಮನೆ ಇನ್ನೂ ದೂರ ಸರಿಯುತ್ತ ಹೋಯಿತು.

ಮನೆ ದೂರವಾದರೆ ಮಧ್ಯಾಹ್ನದ ಊಟ ಎಲ್ಲಿಂದ? ಈ ಪ್ರಶ್ನೆಗೆ ಉತ್ತರವಾಗಿ 1890ರಲ್ಲಿ ಮಹಾದೇವ ಹಾವಜಿ ಬಚ್ಚೆಯವರು ಆರಂಭಿಸಿದ, ಮನೆಯೂಟದ ಡಬ್ಬಿಗಳನ್ನು ಕೆಲಸದ ಜಾಗಕ್ಕೆ ತಲುಪಿಸುವ ಡಬ್ಬಾವಾಲಾ ವ್ಯವಸ್ಥೆ ಹಳಿಯ ಮೇಲೆಯೇ ನಿಂತಿದೆ. ಮುಚ್ಚಳದ ಮೇಲಿನ ಬಣ್ಣ ಮತ್ತು ಅಂಕಿಗಳ ಗುರುತಿನಿಂದ ಇಳಿಸಬೇಕಾದ ನಿಲ್ದಾಣವನ್ನೂ ತಲುಪಿಸಬೇಕಾದ ಕಟ್ಟಡವನ್ನೂ ತಿಳಿಯುವ ಕ್ರಮವನ್ನು, ದಾದರಿನಲ್ಲಿ ಗಾಡಿ ಬದಲಿಸುವಾಗ ತೋರಿಸಿದರು. ತಂಡದವರು ಡಬ್ಬಾವಾಲಾರ ಕೆಲಸಕ್ಕೆ ಅಡ್ಡಿಯಾಗದಂತೆ ಗುಂಪನ್ನು ದೂರದಲ್ಲೇ ನಿಲ್ಲಿಸಿದ್ದು, ಫೋಟೋ ತೆಗೆಯಬೇಡಿರೆಂದು ವಿನಂತಿಸಿದ್ದು ಗೌರವಯುತವಾದ ನಡೆ.

ಮಾಟುಂಗದ ಭಾಗ ನಮಗೆ ಅತಿ ಹತ್ತಿರವಾದದ್ದು. ಕನ್ನಡಿಗರ ಸಂಸ್ಥೆಯಾದ ಮೈಸೂರು ಅಸೋಸಿಯೇಶನ್ನಿನ ಮುಂದೆ ನಿಂತು, ದಕ್ಷಿಣದವರು ಈ ಪರಿಸರದಲ್ಲಿ ನೆಲೆಸಲು ನಿಲ್ದಾಣದ ಸಾಮೀಪ್ಯವೇ ಹೇಗೆ ಕಾರಣವಾಯಿತೆಂದು ವಿವರಿಸಿದರು. ಒಂದು ಸಂಗತಿಯನ್ನು ಅವರು ಸರಿಯಾಗಿ ಒತ್ತಿ ಹೇಳಿದರು: ದಕ್ಷಿಣ ಕನ್ನಡದಿಂದ ಬಂದ ಹೋಟೆಲು ಹುಡುಗರನ್ನು ಮುಂಬೈಗೆ ಕರೆತಂದದ್ದು ರೈಲಲ್ಲ, ಹಡಗು. 1907ರಲ್ಲಿ ಮಂಗಳೂರಿಗೆ ರೈಲು ಬಂದರೂ ಅದು ಮದ್ರಾಸಿನ ಕಡೆಯದು. ಕರಾವಳಿಯ ಗುಂಟ ನೇರ ಹಳಿ ಪೂರ್ಣವಾದದ್ದು 1998ರಲ್ಲಿ. ಮಂಗಳೂರಿನಲ್ಲಿ ಹುಟ್ಟಿ, ಮುಂಬೈಗೆ ಬಂದು ಕಾರ್ಮಿಕ ನಾಯಕರಾಗಿ, 1974ರ ರೈಲ್ವೆ ಮುಷ್ಕರದಲ್ಲಿ ದೇಶದ ಗಾಡಿಗಳನ್ನೇ ನಿಲ್ಲಿಸಿದ ಜಾರ್ಜ್ ಫರ್ನಾಂಡಿಸ್ ಅವರು, ಮುಂದೆ ರೈಲ್ವೆ ಸಚಿವರಾಗಿ ಕೊಂಕಣ ರೈಲ್ವೆಗೆ ಚಾಲನೆ ಕೊಟ್ಟರೆಂಬುದು ಇಲ್ಲಿನ ಕನ್ನಡಿಗರೆಲ್ಲರಿಗೂ ಗೊತ್ತು. ಹಡಗಿನಲ್ಲಿ ಬಂದವರು ಅನ್ನದ ದಾರಿ ಕಂಡುಕೊಂಡದ್ದು ಮಾತ್ರ ನಿಲ್ದಾಣಗಳ ಬಾಗಿಲಲ್ಲಿ. ಗಾಡಿಯಿಂದ ಇಳಿದವನಿಗೆ ತಡವಿಲ್ಲದೆ, ಶುಚಿಯಾಗಿ, ಕಡಿಮೆ ಬೆಲೆಗೆ ಉಣಬಡಿಸುವ ಕಲೆ ಅಲ್ಲಿ ಪಳಗಿತು. ಊಟಕ್ಕೆ ಕರೆದೊಯ್ದದ್ದು ಮಾಟುಂಗ ನಿಲ್ದಾಣದ ಪಕ್ಕದಲ್ಲಿ ಎ. ರಾಮ ನಾಯಕರು 1942ರಲ್ಲಿ ಸ್ಥಾಪಿಸಿದ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗ್‌ಗೆ. ಬಾಳೆ ಎಲೆ, ಬಿಸಿ ಅನ್ನ, ಸಾರು, ಕೇಳಿದಷ್ಟು ಬಡಿಸುವ ಧಾರಾಳತನ, ಇವುಗಳ ಬಗ್ಗೆ ಮುಂಬೈ ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾದದ್ದಿಲ್ಲ.

ವ್ಯವಸ್ಥೆಯ ಕುರಿತು ಕೆಲವು ಮಾತುಗಳು. ಶುಲ್ಕ ಹೆಚ್ಚೆನಿಸಲಿಲ್ಲ, ಆದರೆ ಲೋಕಲ್ ಟಿಕೆಟ್ಟೂ ಊಟವೂ ಅದರಲ್ಲಿ ಸೇರಿಲ್ಲವೆಂಬುದನ್ನು ಕಾಯ್ದಿರಿಸುವಾಗಲೇ ಸ್ಪಷ್ಟವಾಗಿ ತಿಳಿಸಬೇಕು. ಕಿವಿಗೆ ಹಾಕಿಕೊಳ್ಳಲು ಕೊಟ್ಟ ಉಪಕರಣಗಳು ನಿಲ್ದಾಣದ ಘೋಷಣೆಗಳ ನಡುವೆ ನಿಷ್ಪ್ರಯೋಜಕವಾದವು. ಹಿಂದೆ ನಿಂತ ಹಿರಿಯರಿಗೆ ಗಡಿಯಾರದ ಪ್ರಸಂಗದ ಅರ್ಧದಷ್ಟು ಕೇಳಿಸಲಿಲ್ಲ, ಇದು ದೊಡ್ಡ ನಷ್ಟ. ಕೈಗೆ ಕೊಡುವ ಪುಸ್ತಿಕೆ ಇಂಗ್ಲಿಷಿನಲ್ಲಿ ಮಾತ್ರ ಇದೆ, ಅದರಲ್ಲಿ ಕಟ್ಟಡಗಳ ಚಿತ್ರಗಳೇ ತುಂಬಿವೆ. ಒಂದು ಪುಟದಲ್ಲಾದರೂ ಹಳೆಯ ಹಳಿಗಳ ನಕ್ಷೆ ಇದ್ದಿದ್ದರೆ ಮಾರ್ಗದರ್ಶಿಯ ಮಾತು ಇನ್ನಷ್ಟು ನಾಟುತ್ತಿತ್ತು. ಮಾರ್ಗದರ್ಶಿಯಾದ ಯುವತಿಯ ಕನ್ನಡ ಅಚ್ಚುಕಟ್ಟಾಗಿತ್ತು, ಪ್ರಶ್ನೆಗಳಿಗೆ ಅವರು ಎಂದೂ ಅವಸರದ ಉತ್ತರ ಕೊಡಲಿಲ್ಲ.

ಮಂಡಿನೋವು ಇರುವವರಿಗೆ ಬೈಕಲಾ ಮತ್ತು ದಾದರಿನ ಮೆಟ್ಟಿಲುಗಳು ಕಷ್ಟವಾಗುತ್ತವೆ. ಅಂಥವರು ಟರ್ಮಿನಸ್‌ನ ಭಾಗವನ್ನಷ್ಟೇ ನೋಡಿ, ಟ್ಯಾಕ್ಸಿಯಲ್ಲಿ ನೇರವಾಗಿ ಮಾಟುಂಗಕ್ಕೆ ಬಂದು ಗುಂಪನ್ನು ಸೇರಿಕೊಳ್ಳಲು ತಂಡದವರು ಒಪ್ಪುತ್ತಾರೆ. ನವೆಂಬರಿನಿಂದ ಫೆಬ್ರವರಿಯವರೆಗಿನ ಭಾನುವಾರದ ಬೆಳಗು ಉತ್ತಮ, ಆದರೆ ಡಬ್ಬಾವಾಲಾರನ್ನು ಕಾಣಬೇಕೆಂದರೆ ಕೆಲಸದ ದಿನವೇ ಹೋಗಬೇಕು. ಕಾಯ್ದಿರಿಸುವಾಗ ಕಟ್ಟಡದ ವರ್ಣನೆಯನ್ನು ಮೊಟಕುಗೊಳಿಸಿ ಭೋರ್ ಘಟ್ಟಕ್ಕೂ ರಾಯಚೂರು, ಹುಬ್ಬಳ್ಳಿಯ ಮಾರ್ಗಗಳಿಗೂ ಸಮಯ ಕೊಡಬೇಕೆಂದು ಬರೆದು ತಿಳಿಸಿ. ಕೇಳಿಕೊಂಡ ಗುಂಪುಗಳಿಗೆ ಅದನ್ನು ಸೇರಿಸುವುದಾಗಿ ನನ್ನ ಪತ್ರಕ್ಕೆ ಉತ್ತರ ಬಂದಿದೆ.